ಕೈಯಲ್ಲೇ ತೂಗುತ್ತಿದ್ದವನು

೧೯೫೬ರಲ್ಲಿ ಆರನೇ ಇಯತ್ತೆಗೆ ಶಾಲೆ ಬಿಟ್ಟು ದುಡಿಮೆಗೆ ನಿಂತವನು ನಾನು. ಯಲ್ಲಾಪುರದಲ್ಲಿ ನನ್ನ ಜೇನುತುಪ್ಪ ಕೊಳ್ಳುತ್ತಿದ್ದವನು ತಕ್ಕಡಿ ಮುಟ್ಟುತ್ತಿರಲಿಲ್ಲ. ಒಂದು ಅಂಗೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಅಷ್ಟೇ ದೊಡ್ಡ ಜೇನಿನ ಬಾಟಲಿ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದ. ಜೇನುತುಪ್ಪ ನೀರಿಗಿಂತ ಭಾರ. ನೀರು ಬೆರೆಸಿದರೆ ಹಗುರ. "ತಡಿ, ಕೈ ಹೇಳ್ತದೆ" ಎನ್ನುತ್ತಿದ್ದ. ಕೈ ತಪ್ಪಿದ್ದು ನಾನು ಕಂಡಿಲ್ಲ.

ಒಮ್ಮೆ ನನ್ನ ಮೂರು ವರ್ಷದ ಮಗಳನ್ನು ಎತ್ತಿಕೊಂಡ.

"ಹೆಂಗೆ ಮೈ ತುಂಬ್ಕೊಂಡಾಳೆ ನೋಡು" ಎಂದೆ.

ಅವನು ಕಣ್ಣು ಮುಚ್ಚಿ ಬಹಳ ಹೊತ್ತು ನಿಂತ. "ಇದು ಮೈ ಅಲ್ಲ ಮಾರಾಯ, ನೀರು. ಇವತ್ತೇ ಡಾಕ್ಟರಿಗೆ ತೋರಿಸು."

"ನನ್ನ ಮಗಳೇನು ನಿನ್ನ ಬಾಟಲಿಯೇನೋ?" ಎಂದು ಕಿತ್ತುಕೊಂಡು ಬಂದೆ. ಅವನ ಬೆರಳು ಒತ್ತಿದ ಗುಳಿಗಳು ಅವಳ ಕಾಲಿನಲ್ಲಿ ಮನೆ ಮುಟ್ಟುವವರೆಗೂ ಹಾಗೇ ಇದ್ದವು.

ಹತ್ತು ದಿನ ಬಿಟ್ಟು ಶಿರಸಿಗೆ ಒಯ್ದೆ. "ಮೈಯೆಲ್ಲ ನೀರು. ತಡಮಾಡಿದಿರಿ" ಎಂದರು ಡಾಕ್ಟರು.

ಈಗ ನನಗೆ ಎಂಟು ಎಕರೆ ಹೊಲ, ಎರಡು ಲಾರಿ, ಮೂವರು ಗಂಡುಮಕ್ಕಳು.