ಹಿನ್ನೀರಿನಲ್ಲಿ ಎದ್ದ ಸೊಂಡಿಲು

ಗಾಳಕ್ಕೆ ಬಿದ್ದ ಕಾಟ್ಲಾ ಮೀನು ನಮ್ಮ ತೆಪ್ಪವನ್ನೇ ಎಳೆಯುತ್ತಿದ್ದಾಗ, ಹತ್ತು ಮಾರು ದೂರದಲ್ಲಿ ನೀರೊಳಗಿಂದ ಒಂದು ಸೊಂಡಿಲು ಮೇಲೆದ್ದಿತು. ಬೇಸಿಗೆಯ ಆ ಬೆಳಿಗ್ಗೆ ಆಲೂರಿನ ಬಳಿ ಹೇಮಾವತಿ ಹಿನ್ನೀರಿನ ನಡುವೆ ನಾನು, ಗೆಳೆಯ ಸಲೀಂ ಇಬ್ಬರೇ ಇದ್ದೆವು. ನಾಲ್ಕು ಆನೆಗಳು ನಮ್ಮತ್ತಲೇ ಈಜಿ ಬರುತ್ತಿದ್ದವು. ಮುಂದಿದ್ದ ಹೆಣ್ಣಾನೆಯ ಮಗ್ಗುಲಿಗೆ ಒಂದು ಮರಿ ಅಂಟಿಕೊಂಡಿತ್ತು.

ಸಲೀಂ ಹುಟ್ಟನ್ನು ಮೆಲ್ಲಗೆ ಒಳಗೆಳೆದುಕೊಂಡ. "ಅಲ್ಲಾಡ್ಬ್ಯಾಡ ಮಾರಾಯ, ಮರಿ ಐತೆ," ಎಂದು ಪಿಸುಗುಟ್ಟಿದ.

ನಾವು ಸುಮ್ಮನಿದ್ದರೂ ಮೀನು ಸುಮ್ಮನಿರಬೇಕಲ್ಲ. ಅದು ತೆಪ್ಪವನ್ನು ಆನೆಗಳ ಕಡೆಗೇ ಎಳೆಯತೊಡಗಿತು. ಅಂಗೈಗೆ ಸುತ್ತಿಕೊಂಡಿದ್ದ ದಾರ ಬಿಗಿದುಕೊಂಡು ಬಿಚ್ಚಲು ಬರಲಿಲ್ಲ. ಬಗ್ಗಿ ಹಲ್ಲಿನಿಂದ ಕಡಿದುಬಿಟ್ಟೆ.

ತೆಪ್ಪ ಒಂದು ಸುತ್ತು ತಿರುಗಿ ನಿಂತಿತು. ಅಷ್ಟರಲ್ಲಿ ಹತ್ತಿರವೇ ಬಂದಿದ್ದ ಹೆಣ್ಣಾನೆ, ಮರಿಯನ್ನು ಆಚೆ ಮಗ್ಗುಲಿಗೆ ಸರಿಸಿ ನಮ್ಮತ್ತ ಸೊಂಡಿಲು ಚಾಚಿತು. ಅದರ ಉಸಿರಿನ ಹನಿಗಳು ನನ್ನ ಮುಖಕ್ಕೆ ಸಿಡಿದವು. ಸಲೀಂ ಕಣ್ಣು ಮುಚ್ಚಿಕೊಂಡಿದ್ದ. ಕೊನೆಗೆ ಅದು ದಡದತ್ತ ತಿರುಗಿತು, ಉಳಿದವೂ ಹಿಂಬಾಲಿಸಿದವು.

ನಮ್ಮ ತೋಟಕ್ಕೆ ಆನೆ ನುಗ್ಗಿದರೆ ಪಟಾಕಿ ಹಚ್ಚುವುದರಲ್ಲಿ ನಾನೇ ಮುಂದು. ಈಗಲೂ ಹಚ್ಚುತ್ತೇನೆ. ಆದರೆ ಕಡ್ಡಿ ಗೀರುವ ಮೊದಲು ಹಿಂಡಿನಲ್ಲಿ ಮರಿ ಇದೆಯೇ ಎಂದು ನೋಡುತ್ತೇನೆ.