ಇಳಿದು ನೋಡುವ ಅಬೀದಾ

ಹಳೇ ಹುಬ್ಬಳ್ಳಿಯಲ್ಲಿ ಶಾಲಾ ಮಕ್ಕಳ ವ್ಯಾನ್ ಓಡಿಸುವ ಅಬೀದಾಳಿಗೆ ಓಣಿಯವರು ಇಟ್ಟ ಹೆಸರು ‘ಇಳಿದು ನೋಡುವ ಅಬೀದಾ’. ಗಾಡಿ ಹಿಂದೆ ತೆಗೆಯುವಾಗ ಕನ್ನಡಿಯಲ್ಲಿ ಚೂರು ಮಸುಕು ಕಂಡರೂ ಸಾಕು, ಎಂಜಿನ್ ಬಂದ್ ಮಾಡಿ, ಇಳಿದು, ನೋಡಿಯೇ ಬರುತ್ತಾಳೆ. ಹಿಂದಿನವರು ಹಾರ್ನ್ ಬಾರಿಸಿ ಬಾರಿಸಿ ಸುಸ್ತಾಗಬೇಕು. ಮೆಕ್ಯಾನಿಕ್ ಆಗಿದ್ದ ಅಪ್ಪ ಮಕಬೂಲಸಾಬ ಕಲಿಸಿದ ಈ ಪಾಠವನ್ನು ಬಿಡಿಸಲು ಯಾರಿಂದಲೂ ಆಗಿಲ್ಲ.

ಈ ವರ್ಷ ಶಾಲೆಯವರು, ಕಣ್ಣಿನ ಸರ್ಟಿಫಿಕೇಟ್ ತರದವರ ವ್ಯಾನನ್ನು ಗೇಟಿನೊಳಗೆ ಬಿಡುವುದಿಲ್ಲ ಎಂದುಬಿಟ್ಟರು. ಆ ವ್ಯಾನೇ ಅವಳ ಅನ್ನ. ಅವಳು ಪರೀಕ್ಷೆಗೆ ಹೋದಾಗ, ಅದೇ ಶಾಲೆಯ ಇನ್ನೊಂದು ವ್ಯಾನಿನ ಹುಲಗೇಶ ಗೋಡೆಯ ಮೇಲಿನ ಅಕ್ಷರಗಳನ್ನು ಸಂತೆಯಲ್ಲಿ ಕೂಗಿದ ಹಾಗೆ ಓದುತ್ತಿದ್ದ. ಪಾಸಾಗಲು ಓದಬೇಕಿದ್ದ ಸಾಲು ಸರಿಯಾಗಿ ಕಾಣದೆ, ಕಣ್ಣು ಕಿರಿದು ಮಾಡುತ್ತಲೇ ಬಾಯಿಗೆ ಬಂದದ್ದನ್ನು ಹೇಳಿದ. ಹೆಚ್ಚಿನವು ಸರಿ ಬಿದ್ದು ಪಾಸಾದ.

ಅಬೀದಾ ಅದೇ ಸಾಲಿಗೆ ಬಂದು ತಡವರಿಸಿದಳು. ‘ಪ’ ಇರಬಹುದು, ‘ಷ’ವೂ ಇರಬಹುದು. ಏನು ಮಾಡಿದಳೆನ್ನುತ್ತೀರಿ? ಕುರ್ಚಿಯಿಂದ ಎದ್ದು ಸೀದಾ ಗೋಡೆಯ ಹತ್ತಿರ ನಡೆದಳು!

“ಅಕ್ಕಾರ, ಕುಂತ ಓದಬೇಕ್ರಿ!” ಕಣ್ಣು ಪರೀಕ್ಷಿಸುವ ಸುಶ್ರುತ ಚೀರಿದ.

“ಹಂಗಾದ್ರ ನನಗ ಕಾಣವಲ್ದು, ಬರ್ಕೋರಿ.”

ಅವನು ಫೇಲ್ ಎಂದು ಬರೆಯಲು ಹೋದ. ಅಬೀದಾಳ ಮೈ ಉರಿಯಿತು. ಪಕ್ಕದಲ್ಲೇ ನಿಂತಿದ್ದ ಹುಲಗೇಶನತ್ತ ಕೈ ತೋರಿಸಿದಳು.

“ಇಂವಗೂ ನೆಟ್ಟಗ ಕಂಡಿಲ್ಲ, ನನಗೂ ಕಂಡಿಲ್ಲ. ಇಂವ ಅಂದಾಜ ಹೊಡದು ಪಾಸು, ನಾ ಖರೇ ಹೇಳಿ ಫೇಲು? ನೀವು ಕಣ್ಣ ಅಳ್ಯಾಕತ್ತೀರೋ, ಬಾಯಿ ಅಳ್ಯಾಕತ್ತೀರೋ?”

ಸುಶ್ರುತನ ಪೆನ್ನು ನಿಂತಿತು. “ಖರೇ ಐತ್ರಿ. ಅಂದಾಜಾದ್ರೂ ಎಲ್ಲಾರೂ ಒಂದೊಂದು ಅಕ್ಷರಕ್ಕೂ ಏನರೆ ಹೇಳಬೇಕು. ಅದನ್ನ ನಾ ಮೊದಲ ಹೇಳಬೇಕಿತ್ತು. ನೀವು ಮಸಕ ಕಂಡದ್ದನ್ನೂ ಕಾಣಂಗಿಲ್ಲ ಅಂತೀರಿ.”

“ಹಂಗಾದ್ರ ಇಬ್ಬರಿಗೂ ಒಂದ ಕಾಯ್ದೆ ಮಾಡ್ರಿ. ಬ್ಯಾರೆ ಬೋರ್ಡ್ ಹಚ್ರಿ. ಅಲ್ಲೀತನಕ ನಾ ಇಲ್ಲಿಂದ ಅಲುಗಾಡಂಗಿಲ್ಲ!”

ಬೇರೆ ಬೋರ್ಡ್ ಬಂತು. ಹುಲಗೇಶ ಮತ್ತೆ ಕೂಗಿದ. ಅಬೀದಾ ಮಾತ್ರ ಹಲ್ಲು ಕಚ್ಚಿಕೊಂಡು, “ಇದು ಅಂದಾಜ... ಇದೂ ಅಂದಾಜ” ಎಂದು ಸಾರಿ ಸಾರಿಯೇ ಅಕ್ಷರ ಹೇಳಿದಳು. ಇಬ್ಬರೂ ಒಂದೇ ಸಾಲಿನಲ್ಲಿ ಪಾಸಾದರು.

ಹೊರಗೆ ಅವಳು ವ್ಯಾನ್ ಹಿಂದೆ ತೆಗೆಯತೊಡಗಿದಾಗ ಹುಲಗೇಶ ಕೈ ಬೀಸಿದ. “ಬರ್ಲಿ, ಬರ್ಲಿ, ಅಬೀದಕ್ಕಾ! ಈಗ ಅಂದಾಜ ಹೊಡ್ಯಾಕ ಕಲತೀಯಲ್ಲ!”

ಅಬೀದಾ ಎಂಜಿನ್ ಬಂದ್ ಮಾಡಿದಳು.

“ಗ್ವಾಡಿ ಮ್ಯಾಲಿನ ಅಕ್ಷರ ತಪ್ಪಿದ್ರ ಯಾರೂ ಸಾಯಂಗಿಲ್ಲೋ,” ಎಂದು ಬಾಗಿಲು ತೆಗೆದು ಇಳಿದು, ನೋಡಲು ಹಿಂದಕ್ಕೆ ನಡೆದಳು.