ಒರೆಗಲ್ಲಿನ ಮೇಲೊಂದು ಗೀಟು

ನಾನು ಸೇಡು ತೀರಿಸಿಕೊಂಡವಳು. ಅದೂ ಒಡಹುಟ್ಟಿದ ಅಣ್ಣನ ಮೇಲೆ. ಅದಕ್ಕಾಗಿ ನನಗೆ ಇವತ್ತಿಗೂ ಎಳ್ಳಷ್ಟೂ ಬೇಜಾರಿಲ್ಲ.

ನಮ್ಮದು ಕೆ.ಆರ್. ಪೇಟೆಯಲ್ಲಿ ಚಿನ್ನಬೆಳ್ಳಿ ಕೆಲಸದ ಮನೆ. ಬೀದಿಗೆ ಅಂಗಡಿ, ಹಿಂದೆ ವಾಸ. ಅಪ್ಪ, ಅಣ್ಣ ಒಡವೆ ಬಡಿಯುವ ಪಟ್ಟಡೆಯ ಮುಂದೆ ಕೂತು ಸುತ್ತಿಗೆ ಹಿಡಿದರೆ ನಾನು ಮೂಲೆಯಲ್ಲಿ ಮಣಿ ಪೋಣಿಸುತ್ತಿದ್ದೆ. ಹೆಣ್ಣುಮಕ್ಕಳು ಪಟ್ಟಡೆಗೆ ಕೂರುವ ಪದ್ಧತಿ ನಮ್ಮಲ್ಲಿಲ್ಲ. ನನಗೋ ಚಿಕ್ಕಂದಿನಿಂದ ಅದೊಂದೇ ಆಸೆ. ಒಡವೆಯ ನಕ್ಷೆ ಬಿಡಿಸುವುದನ್ನು ಕಲಿತು, ಆ ಮೂಲೆಯಲ್ಲೇ ಒಂದು ಕಂಪ್ಯೂಟರು ಇಟ್ಟುಕೊಂಡೆ. ಅಣ್ಣ ಅದನ್ನು ಟೀವಿ ಎಂದೇ ಕರೆಯುತ್ತಿದ್ದ.

ಬೂಕನಕೆರೆಯ ಒಂದು ಮನೆಯವರು ಮಗಳ ಮದುವೆಗೆ ಸೊಂಟದ ಡಾಬು ಮಾಡಿಸಲು ಬಂದು, ಹಳೆಯ ಅಚ್ಚಿನ ಮಾದರಿ ಬೇಡವೆಂದರು. ನಾನು ನಡುವೆ ಬಾಯಿ ಹಾಕಿ, ಹೊಸಹೊಳಲು ಗುಡಿಯ ಗೋಡೆಯ ಹಂಸದ ಸಾಲನ್ನು ಡಾಬಿನ ಸುತ್ತ ತರುತ್ತೇನೆ ಎಂದುಬಿಟ್ಟೆ. ಅವರು ಹೋದ ಮೇಲೆ ಅಪ್ಪ ಸುತ್ತಿಗೆ ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಸುಕ್ರವಾರ ಬತ್ತಾರೆ. ನಿನ್ ನಕ್ಸೆ ಒಪ್ಪುದ್ರೆ ಈ ಡಾಬ್ನ ನೀನೇ ಪಟ್ಟಡೇಲಿ ಕೂತು ಮಾಡು. ಒಪ್ಲಿಲ್ಲ ಅಂದ್ರೆ ಇನ್ಯಾವತ್ತೂ ಈ ಮಾತು ಎತ್ಬ್ಯಾಡ ಕಣವ್ವ."

ಅಣ್ಣನ ಮುಖ ಸಪ್ಪಗಾಯಿತು.

ಬುಧವಾರ ನಕ್ಷೆ ಮುಗಿಯಿತು. ಆದರೆ ಅದನ್ನು ತಿರುಗಿಸಿ ತೋರಿಸಲು ಹೋದರೆ ಕಂಪ್ಯೂಟರು ಮಿಸುಕಾಡದೆ ನಿಂತುಬಿಡುತ್ತಿತ್ತು. ಹೆಚ್ಚಿನ ಶಕ್ತಿ ಬರಲೆಂದು ಇನ್ನೊಂದು ಮೆಮೊರಿ ಕಡ್ಡಿ ತಂದೆ. ಅಂಗೈಯುದ್ದದ ಹಸಿರು ಪಟ್ಟಿ, ಒಂದು ಅಂಚಿನಲ್ಲಿ ಹಳದಿ ಹಲ್ಲುಗಳು. ಗುರುವಾರ ಕಂಪ್ಯೂಟರಿನ ಡಬ್ಬ ಬಿಚ್ಚಿ, ಒಳಗಿದ್ದ ಹಳೆಯ ಕಡ್ಡಿಯನ್ನೂ ತೆಗೆದು, ಧೂಳು ಒರೆಸಿ ಬಟ್ಟೆಯ ಮೇಲಿಟ್ಟೆ.

"ನೋಡಣ್ಣ, ಈ ಅಲ್ಲುಗಳ್ಗೆಲ್ಲ ಚಿನ್ನ ಬಳ್ದಿರ್ತಾರೆ," ಎಂದೆ.

"ಓ, ಕಂಡಿವ್ನಿ ಓಗಮ್ಮಿ," ಎಂದ. ನಾನು ಊಟಕ್ಕೆ ಒಳಗೆ ಹೋದೆ.

ಬಂದು ಎರಡೂ ಕಡ್ಡಿ ಸಿಕ್ಕಿಸಿ ಗುಂಡಿ ಒತ್ತಿದರೆ ಫ್ಯಾನು ತಿರುಗಿತು, ಡಬ್ಬ ಕೀಂ ಕೀಂ ಎಂದು ಕೂಗಿತು, ಪರದೆ ಮಾತ್ರ ಕಪ್ಪಗೇ ಇತ್ತು. ಹೊಸ ಕಡ್ಡಿಯದೇ ಕಾಟವೆಂದು ಅದನ್ನು ಕಿತ್ತೆ. ಹಳೆಯದೊಂದೇ ಇದ್ದಾಗಲೂ ಅದೇ ಕೂಗು. ತಂತಿಗಳನ್ನೆಲ್ಲ ಬಿಚ್ಚಿ ಮತ್ತೆ ಸಿಕ್ಕಿಸಿದೆ. ಮೊದಲು ಹೇಗಿತ್ತೋ ಹಾಗೇ ಜೋಡಿಸಿದರೂ ಏಳುತ್ತಿಲ್ಲವೆಂದರೆ ನಾನೇ ಕೈಯಾರೆ ಹಾಳು ಮಾಡಿದೆ ಅನ್ನಿಸಿತು. ನಕ್ಷೆ ಅದರೊಳಗೇ ಸಿಕ್ಕಿಕೊಂಡಿತ್ತು, ಬೇರೆಲ್ಲೂ ಪ್ರತಿ ಇರಲಿಲ್ಲ. ಸಂಜೆಯವರೆಗೂ ನೆಲದ ಮೇಲೆ ಕೂತು ಅತ್ತೆ.

ಅಣ್ಣ ಎರಡು ಮಾರು ದೂರದಿಂದ ಎಲ್ಲ ನೋಡಿದ. "ಬುಡಮ್ಮಿ, ಅದು ನಿನ್ ಕೈಲಾಗೋದಲ್ಲ. ಅಳೇ ಅಚ್ಚು ಐತೆ, ನಾನೇ ಮಾಡ್ಕೊಡ್ತೀನಿ," ಎಂದು ಸಮಾಧಾನ ಬೇರೆ ಹೇಳಿದ.

ಶುಕ್ರವಾರ ಬೆಳಿಗ್ಗೆ, ಮಾಡಲು ಬೇರೇನೂ ಉಳಿಯದೆ, ಹಳೆಯ ಕಡ್ಡಿ ತೆಗೆದು ಹೊಸದೊಂದನ್ನೇ ಇಟ್ಟೆ. ಪರದೆ ಬೆಳಗಿತು. ಹಂಸಗಳು ಸಾಲಾಗಿ ಬಂದು ನಿಂತವು. ಹಾಗಾದರೆ ಕೆಟ್ಟದ್ದು ಹಳೆಯದು. ಬುಧವಾರ ನೆಟ್ಟಗಿದ್ದದ್ದಕ್ಕೆ ಏನಾಯಿತು? ಬೆಳಕಿಗೆ ಹಿಡಿದೆ. ಹಲ್ಲುಗಳ ಹೊಳಪು ಒಂದು ಕಡೆ ಸವೆದು, ಕರಿಯ ಪುಡಿ ಕೂತಿತ್ತು. ಅಕ್ಕಸಾಲಿಯ ಮಗಳಿಗೆ ಆ ಗುರುತು ತಿಳಿಯದೇ? ನಾನು ಊಟಕ್ಕೆ ಹೋದಾಗ ಅಣ್ಣ, ನಿಜವಾಗಿಯೂ ಚಿನ್ನವೋ ಎಂದು ನೋಡಲು, ಕಡ್ಡಿಯನ್ನು ಒರೆಗಲ್ಲಿಗೆ ಉಜ್ಜಿದ್ದ! ಗೂಡಿನಿಂದ ಆ ಕರಿಕಲ್ಲು ತೆಗೆದು ನೋಡಿದೆ. ನನ್ನ ಹೆಜ್ಜೆ ಸದ್ದಿಗೆ ಗಡಿಬಿಡಿಯಲ್ಲಿ ಎತ್ತಿಟ್ಟಿರಬೇಕು, ತೆಳ್ಳನೆಯ ಹಳದಿ ಗೀಟು ಹಾಗೇ ಇತ್ತು.

ಉಜ್ಜಿದ್ದನ್ನು ಕ್ಷಮಿಸುತ್ತಿದ್ದೆನೋ ಏನೋ. ಅಷ್ಟು ಹೊತ್ತು ನಾನು ಅಳುವುದನ್ನು ನೋಡಿಯೂ ಅವನು ತುಟಿ ಪಿಟಕ್ಕೆನ್ನಲಿಲ್ಲವಲ್ಲ, ಅದಕ್ಕೆ ಮೈಯೆಲ್ಲ ಉರಿಯಿತು. ಆಗಲೇ ಕೂಗಾಡಿದ್ದರೆ ಮನೆಯೊಳಗಿನ ಜಗಳವಾಗಿ ಮುಗಿಯುತ್ತಿತ್ತು. ಹಾಗೆ ಮುಗಿಯುವುದು ನನಗೆ ಬೇಕಿರಲಿಲ್ಲ. ಅಪ್ಪನದೊಂದು ಕಟ್ಟಳೆಯಿದೆ: ಒರೆ ನೋಡಿದವರು ಗೀಟನ್ನು ಅಂದೇ ಅಳಿಸಬೇಕು. ಉಳಿಸಿದರೆ, ಅದು ಯಾರ ಒಡವೆಯದೆಂದು ಹೇಳಬೇಕು. ಕಲ್ಲನ್ನು ಇದ್ದಲ್ಲೇ ಇಟ್ಟು ಬೂಕನಕೆರೆಯವರಿಗಾಗಿ ಕಾದೆ.

ಮದುವೆಯ ಹುಡುಗಿ, ಅವಳ ಅಪ್ಪ, ಅಜ್ಜಿ ಬಂದರು. ಅಜ್ಜಿ ಪರದೆಗೆ ಮೂಗು ತಾಗಿಸಿ ಹಂಸಗಳನ್ನು ಎಣಿಸಿ, ಇದೇ ಇರಲಿ ಎಂದರು. ನಾನು ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಕರಗಿಸಲು ತಂದಿದ್ದ ಹಳೆಯ ಸರವನ್ನು ಅವರು ಅಪ್ಪನ ಕೈಗೆ ಕೊಟ್ಟ ಕೂಡಲೇ ನಾನೇ ಎದ್ದು, ಒರೆಗಲ್ಲು ತಂದು, ಗೀಟು ಕಾಣುವಂತೆ ಅಪ್ಪನ ಮುಂದಿಟ್ಟೆ.

ಅಪ್ಪ ಕಣ್ಣು ಕಿರಿದು ಮಾಡಿದರು. "ಇದು ಬರೀ ಮುಲಾಮು. ಮೇಲಷ್ಟೇ ಚಿನ್ನ. ಯಾರ ಒಡವೇದ್ಲಾ ಇದು?"

ಅಣ್ಣ ಕಲ್ಲಿನ ಕಡೆ ಕೈ ಚಾಚಿ ಹಿಂದಕ್ಕೆಳೆದುಕೊಂಡ. ಅಜ್ಜಿ ಮೆಲ್ಲಗೆ ತಮ್ಮ ಸರವನ್ನು ವಾಪಸು ತೆಗೆದುಕೊಂಡರು.

"ಮುಲಾಮಿನ್ ಒಡವೇನೂ ಮಾಡ್ತೀರಾ ಇಲ್ಲಿ?" ಎಂದರು ಹುಡುಗಿಯ ಅಪ್ಪ.

ಅಣ್ಣ ಸುಮ್ಮನಿದ್ದರೆ ಅಂಗಡಿಯ ಹೆಸರು ಹೋಗುತ್ತದೆ, ಬಾಯಿ ಬಿಟ್ಟರೆ ಅವನ ಮಾನ ಹೋಗುತ್ತದೆ. ನಾನು ಮಣಿ ಪೋಣಿಸುತ್ತಾ ಕೂತೆ.

"ಒಡವೇದಲ್ಲ ಕಣಪ್ಪ. ಅಮ್ಮಿ ಕಂಪ್ಯೂಟ್ರುದು. ಚಿನ್ನ ಅಂದ್ಲು, ಉಜ್ಜಿ ನೋಡ್ಬುಟ್ಟೆ."

"ನೆನ್ನೆ ಅವ್ಳು ಅಂಗೆ ಅಳ್ತಿದ್ಲಲ್ಲೋ. ಆಗ್ಲೂ ಗೊತ್ತಿತ್ತಾ?" ಎಂದರು ಅಪ್ಪ.

ಅಣ್ಣ ಮೆಲ್ಲಗೆ ಹೂಂಗುಟ್ಟಿದ. ಅಜ್ಜಿ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. "ಅಯ್ಯೋ ನಿನ್ ಮನೆ ಕಾಯೋಗ, ಒರೆಗಲ್ಗೆ ಉಜ್ಜಕ್ಕೆ ಅದೇ ಸಿಕ್ತಾ ನಿಂಗೆ?" ಎಂದು ಸರವನ್ನು ಮತ್ತೆ ಅಪ್ಪನ ಮುಂದಿಟ್ಟರು.

ಅಪ್ಪ ನಗಲಿಲ್ಲ. "ಏಳ್ಲಾ ಅಲ್ಲಿಂದ," ಎಂದರು. ಪಟ್ಟಡೆಯ ಮುಂದೆ ಅಣ್ಣ ಎದ್ದ ಮಣೆ ಇನ್ನೂ ಬೆಚ್ಚಗಿತ್ತು. ನಾನು ಹೋಗಿ ಕೂತೆ.

ಡಾಬು ಮುಗಿಯುವವರೆಗೂ ಮೂಲೆಯಲ್ಲಿ ಮಣಿ ಪೋಣಿಸಿದವನು ಅಣ್ಣ. ಒಂದು ಮಧ್ಯಾಹ್ನ ದಾರ ಕಿತ್ತು, ಮಣಿಗಳೆಲ್ಲ ಅಂಗಡಿ ತುಂಬ ಉರುಳಿದವು. ಮಂಡಿಯೂರಿ ಒಂದೊಂದೇ ಹೆಕ್ಕುತ್ತಾ ಅವನು ನನ್ನ ಕಡೆ ನೋಡಿದ. ದಾರದ ಗಂಟು ಸಡಿಲವಿದ್ದದ್ದು ನನಗೆ ಬೆಳಿಗ್ಗೆಯೇ ಕಂಡಿತ್ತು. ನಾನು ತುಟಿ ಪಿಟಕ್ಕೆನ್ನಲಿಲ್ಲ.